ಮಗು ಎಲ್ಲಿದೆ ಎಂದು ಕೇಳೋಣ

(ದಾವಣಗೆರೆಯ ವಿದ್ಯಾನಗರದಲ್ಲಿ ಉದ್ಯೋಗಸ್ಥ ಮಹಿಳೆಯರ ಬಳಗವೊಂದು ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆ ಮನೆ ಬಿಟ್ಟು ಬರುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿ, ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಟ್ಟು ಬಂದವರೇ ಇಲ್ಲಿ ಹೆಚ್ಚು. ಹಿಂದಿನ ಸಾಲಿನಲ್ಲಿ ಇಬ್ಬರು ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದೀರಿ. ಮಗು ಅತ್ತರೆ ದಯವಿಟ್ಟು ಎದ್ದು ಹೊರಗೆ ಹೋಗಬೇಡಿ. ಅಳುವಿನ ನಡುವೆ ಮಾತನಾಡಿ ನನಗೆ ಅಭ್ಯಾಸವಿದೆ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ವೃತ್ತಿ ಮತ್ತು ಕುಟುಂಬ: ಸಮತೋಲನ ಹೇಗೆ?’ ಎಂದು ಹೆಸರಿಟ್ಟಿದ್ದೀರಿ. ಅದನ್ನು ಓದಿ ಎರಡು ದಿನ ಯೋಚಿಸಿದೆ. ಮೂವತ್ತು ವರ್ಷ ವಕೀಲಿಕೆ ಮಾಡಿದ್ದೇನೆ, ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ. ಎರಡೂ ತಕ್ಕಡಿ ಸಮವಾಗಿ ನಿಂತ ಒಂದು ದಿನವೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು, ಯಾವ ಯಾವ ದಿನ ಯಾರ ಯಾರ ಕೈಗೆ ಮಗುವನ್ನು ಕೊಟ್ಟು ಮನೆಯ ಮೆಟ್ಟಿಲಿಳಿದೆ ಎಂಬುದು. ಆದ್ದರಿಂದ ಇಂದು ಆ ಕೈಗಳ ಬಗ್ಗೆ ಮಾತನಾಡುತ್ತೇನೆ.

ನಾನು ಚಿತ್ರದುರ್ಗದ ಮಗಳು, ದಾವಣಗೆರೆಯ ಸೊಸೆ. 1996ರಲ್ಲಿ ವಕೀಲಿಕೆ ಆರಂಭಿಸಿದಾಗ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. ಮರುವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾಯಿತು. 1999ರಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಎರಡು ತಿಂಗಳು ತುಂಬುವ ಮೊದಲೇ ಹಿರಿಯ ವಕೀಲರಿಂದ ಫೋನು ಬಂತು. ನಾನೇ ಕಡತ ಸಿದ್ಧಪಡಿಸಿದ್ದ ಆಸ್ತಿ ವಿಭಾಗದ ದಾವೆಯೊಂದು ಸಾಕ್ಷಿ ವಿಚಾರಣೆಗೆ ಬಂದಿತ್ತು. ವಕೀಲರಿಗೆ ಹೆರಿಗೆ ರಜೆ ಎಂಬುದಿಲ್ಲ. ರಜೆ ಕೊಡಲು ಮಾಲೀಕರಿರಬೇಕು, ನಮಗಿರುವುದು ಕಕ್ಷಿದಾರರು. ಕಾರ್ಮಿಕ ಮಹಿಳೆಯರ ರಜೆಗಾಗಿ ವಾದಿಸುತ್ತಿದ್ದ ನನಗೆ ಒಂದು ದಿನದ ಹೆರಿಗೆ ರಜೆಯ ಹಕ್ಕೂ ಇರಲಿಲ್ಲ.

ಅಮ್ಮ ಹೊಲಿಗೆ ಮಾಡುತ್ತಿದ್ದರು. ದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿತ್ತು. ಗೌರಿ ಹಬ್ಬ, ದೀಪಾವಳಿ, ಮದುವೆ ಕಾಲ ಬಂದರೆ ರಾತ್ರಿ ಹನ್ನೆರಡರವರೆಗೂ ಅದರ ಸದ್ದು. ಓಣಿಯ ಹೆಣ್ಣುಮಕ್ಕಳ ರವಿಕೆಗಳೆಲ್ಲ ಅಮ್ಮನ ಕೈಯಿಂದಲೇ ಹೋಗಬೇಕು. ನನ್ನ ಕಾನೂನು ಕಾಲೇಜಿನ ಶುಲ್ಕ ಬಂದದ್ದು ಆ ಯಂತ್ರದಿಂದ.

ಫೋನು ಬಂದ ಮರುದಿನ ಅಮ್ಮ ಯಂತ್ರಕ್ಕೆ ಎಣ್ಣೆ ಬಿಟ್ಟು, ಮೇಲೆ ಹಳೆಯ ಹತ್ತಿ ಸೀರೆಯೊಂದನ್ನು ಹೊದಿಸಿ, ನನ್ನೊಂದಿಗೆ ದಾವಣಗೆರೆಯ ಬಸ್ ಹತ್ತಿದರು. ‘ಆರು ತಿಂಗಳ ಮಾತು, ಅಲ್ಲವೇ?’ ಎಂದರು. ಮೂರು ವರ್ಷವಾಯಿತು. ಮಗಳನ್ನು ಶಾಲೆಗೆ ಸೇರಿಸಿ ಅವರು ದುರ್ಗಕ್ಕೆ ಮರಳುವಷ್ಟರಲ್ಲಿ ಗಿರಾಕಿಗಳೆಲ್ಲ ಬೇರೆ ದರ್ಜಿಗಳನ್ನು ಹಿಡಿದಿದ್ದರು. ಅಮ್ಮ ಇದನ್ನು ಒಮ್ಮೆಯೂ ನನ್ನ ಮುಂದೆ ಎತ್ತಿ ಆಡಲಿಲ್ಲ. ಅವರು ತೀರಿಕೊಂಡ ಮೇಲೆ ಯಂತ್ರದ ಖಾನೆ ಎಳೆದಾಗ ಅಳತೆಯ ಪುಸ್ತಕ ಸಿಕ್ಕಿತು. ಎದೆ, ಸೊಂಟ, ತೋಳು, ಉದ್ದ ಎಂದು ಸೀಸದ ಕಡ್ಡಿಯಲ್ಲಿ ಗೆರೆ ಎಳೆದು, ಒಬ್ಬೊಬ್ಬರ ಹೆಸರಿನ ಮುಂದೆ ಅಂಕಿಗಳು. ಕೊನೆಯ ತಾರೀಖು 1999ರದು. ಅಲ್ಲಿಂದ ಮುಂದೆ ಅರ್ಧ ಪುಸ್ತಕ ಖಾಲಿ.

‘ಮನೆ, ಮಕ್ಕಳು, ಕೋರ್ಟು, ಎಲ್ಲವನ್ನೂ ಹೇಗೆ ನಿಭಾಯಿಸಿದಿರಿ ಮೇಡಂ?’ ಎಂದು ಕೇಳಿದಾಗಲೆಲ್ಲ ಆ ಖಾಲಿ ಹಾಳೆಗಳು ಕಣ್ಣ ಮುಂದೆ ಬರುತ್ತವೆ. ನಾನು ನಿಭಾಯಿಸಲಿಲ್ಲ. ಅಮ್ಮ ಬಿಟ್ಟುಕೊಟ್ಟರು. ನನ್ನ ವೃತ್ತಿ ಉಳಿಯಲು ಅವರ ವೃತ್ತಿ ನಿಂತಿತು. ಅವರ ದುಡಿಮೆ ಸಣ್ಣದು, ಮನೆಯೊಳಗಿನದು, ಅದಕ್ಕೆ ಫಲಕವಿರಲಿಲ್ಲ. ಅದಕ್ಕೇ ಅದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಸುಡುತ್ತದೆ.

ಆ ದಿನಗಳ ಇನ್ನೊಂದು ಸಂಗತಿ ಹೇಳುತ್ತೇನೆ. ಹೆಂಗಸರೇ ಹೆಚ್ಚಿರುವ ಸಭೆಯಾದ್ದರಿಂದ ಸಂಕೋಚವಿಲ್ಲ, ಗಂಡಸರೂ ಕೇಳಿಸಿಕೊಳ್ಳಲಿ. ನ್ಯಾಯಾಲಯದ ಆವರಣದ ಮರದ ಕೆಳಗೆ ಅಮ್ಮ ಮಗುವನ್ನು ಎತ್ತಿಕೊಂಡು ಕೂರುತ್ತಿದ್ದರು. ಎರಡು ಪ್ರಕರಣಗಳ ನಡುವೆ ಓಡಿ ಬಂದು ಹಾಲು ಕೊಟ್ಟು ಹೋಗುತ್ತಿದ್ದೆ. ಒಂದು ದಿನ ಪಾಟೀ ಸವಾಲು ಎರಡು ಗಂಟೆ ಎಳೆಯಿತು. ಸಾಕ್ಷಿಯ ಬಾಯಿಂದ ನನಗೆ ಬೇಕಾದ ಒಂದು ಉತ್ತರ ಬರುವುದರಲ್ಲಿತ್ತು. ಅಷ್ಟರಲ್ಲಿ ಹೊರಗಿನಿಂದ ಮಗುವಿನ ಅಳು ಕೇಳಿಸಿತು. ನನ್ನ ಮಗುವೋ ಯಾರದೋ ಗೊತ್ತಿಲ್ಲ. ಕೇಳಿದ ಕ್ಷಣದಲ್ಲಿ ಎದೆ ಬಿಗಿದು ಹಾಲು ಸುರಿಯಲಾರಂಭಿಸಿತು. ರವಿಕೆ ತೊಯ್ದು ಸೊಂಟದವರೆಗೆ ಇಳಿಯುತ್ತಿದೆ, ಕೈಯಲ್ಲಿ ಕಡತ, ಮುಂದೆ ನ್ಯಾಯಾಧೀಶರು. ಕರಿಕೋಟು ಎಲ್ಲವನ್ನೂ ಮುಚ್ಚಿತು. ಪ್ರಶ್ನೆ ಮುಗಿಸಿದೆ, ಉತ್ತರವೂ ಬಂತು. ಆ ದಾವೆ ನಮ್ಮ ಕಡೆಗೇ ಆಯಿತು. ಆದರೆ ಅಂದು ಮರದ ಕೆಳಗೆ ಹೋಗುವಷ್ಟರಲ್ಲಿ ಮಗಳು ಅತ್ತು ಅತ್ತು ಮಲಗಿಬಿಟ್ಟಿದ್ದಳು. ಅಮ್ಮ ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಹಿಡಿದು ಕುಳಿತಿದ್ದರು.

ಇದೆಲ್ಲ ನನ್ನೊಬ್ಬಳ ಕಥೆಯಾಗಿದ್ದರೆ ವೇದಿಕೆಗೆ ತರುತ್ತಿರಲಿಲ್ಲ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಗಂಡಸರದು 97 ನಿಮಿಷ. ಈ 97 ಎಲ್ಲ ಗಂಡಸರ ಸರಾಸರಿಯಲ್ಲ ಎಂಬುದನ್ನು ಗಮನಿಸಿ. ಆ ದಿನ ಮನೆಗೆಲಸಕ್ಕೆ ಕೈಹಾಕಿದ ಗಂಡಸರೇ ನೂರಕ್ಕೆ 26. ಅವರ ಲೆಕ್ಕ ಅದು. ಹೆಂಗಸರು ನೂರಕ್ಕೆ 81. ಕಚೇರಿಯ ಎಂಟು ಗಂಟೆಯನ್ನು ಈ ಐದು ಗಂಟೆಯ ಮೇಲೆ ಹೇರಿ, ಆಮೇಲೆ ಅದೇ ಹೆಂಗಸನ್ನು ಕರೆದು ‘ಸಮತೋಲನ ಹೇಗೆ?’ ಎಂದು ಕೇಳುತ್ತೇವೆ.

ದುರ್ಗದವಳಾಗಿ ಓಬವ್ವನನ್ನು ನೆನೆಯದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ನವೆಂಬರ್ 11ರಂದು ಸರ್ಕಾರ ಅವಳ ಜಯಂತಿ ಆಚರಿಸುತ್ತದೆ. ಶಾಲೆಯಲ್ಲಿ ನಾವೆಲ್ಲ ಓಬವ್ವನ ವೇಷ ಹಾಕಿದವರೇ. ಮನೆಯ ಒನಕೆ ತಂದು, ಕಚ್ಚೆ ಕಟ್ಟಿ, ಶಾಲೆಯ ಅಂಗಳದಲ್ಲಿ ಹೈದರನ ಸೈನಿಕರ ತಲೆ ಚಚ್ಚಿದವರೇ. ಕೋಟೆಯ ಆ ಕಿಂಡಿಯ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಮಕ್ಕಳಾದ ಮೇಲೆ ನಿಂತಾಗ ಕಥೆಯ ಬೇರೊಂದು ಭಾಗ ಕಣ್ಣಿಗೆ ಬಿತ್ತು. ಬುರುಜಿನ ಕಾವಲಿದ್ದದ್ದು ಅವಳ ಗಂಡನದು. ಅವನು ಊಟಕ್ಕೆ ಮನೆಗೆ ಬಂದಿದ್ದ. ಅವನಿಗೆ ಬಡಿಸಿ, ಕುಡಿಯುವ ನೀರಿಗೆಂದು ಹೊರಟವಳಿಗೆ ಕಿಂಡಿಯಲ್ಲಿ ಸದ್ದು ಕೇಳಿಸಿತು. ಉಣ್ಣುವವನನ್ನು ಎಬ್ಬಿಸಬಾರದೆಂದು ಒನಕೆ ಹಿಡಿದು ತಾನೇ ನಿಂತಳು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅಡುಗೆಯೂ ಅವಳದು, ನೀರೂ ಅವಳದು, ಆ ಗಳಿಗೆಯಲ್ಲಿ ಕಾವಲೂ ಅವಳದು. ಅವಳ ಶೌರ್ಯಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ. ಹಾಗೆ ಮುಗಿಯುವಾಗಲೇ ಮನಸ್ಸು ಹೇಳುತ್ತದೆ: ಅವನನ್ನು ಎಬ್ಬಿಸಬಹುದಿತ್ತು ತಾಯಿ. ಅವನು ಎದ್ದು ಕಹಳೆ ಊದಿದ್ದರೆ ಕೋಟೆಯೂ ಉಳಿಯುತ್ತಿತ್ತು, ನೀನೂ ಉಳಿಯುತ್ತಿದ್ದೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಕಾನೂನು ನಮಗೆ ಏನು ಕೊಟ್ಟಿದೆ?

1961ರ ಹೆರಿಗೆ ಸೌಲಭ್ಯ ಕಾಯ್ದೆ ಮೊದಲು 12 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಶಾಲೆ, ಆಸ್ಪತ್ರೆ, ಕಚೇರಿ ಎಲ್ಲಕ್ಕೂ ಅದು ಅನ್ವಯ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ದಿನಗೂಲಿಯವರಿಗೂ ಈ ಹಕ್ಕಿದೆ ಎಂದು ದೆಹಲಿ ಪಾಲಿಕೆಯ ಕೂಲಿಕಾರ ಮಹಿಳೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿಯೇ ಹೇಳಿದೆ. 2025ರ ನವೆಂಬರ್ 21ರಿಂದ ಈ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಹೆಸರು ಬದಲಾದರೂ 26 ವಾರ, 80 ದಿನ ಎಂಬ ಅಂಕಿಗಳು ಹಾಗೆಯೇ ಇವೆ. ಯಾರಾದರೂ ‘ಆ ಕಾಯ್ದೆ ಈಗಿಲ್ಲ’ ಎಂದು ಹೆದರಿಸಿದರೆ ಹೆದರಬೇಡಿ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ 180 ದಿನದ ಹೆರಿಗೆ ರಜೆಯ ಜೊತೆಗೆ 2021ರಿಂದ ಆರು ತಿಂಗಳ ಮಕ್ಕಳ ಪಾಲನಾ ರಜೆಯೂ ಇದೆ.

26 ವಾರ ಎಂದರೆ 182 ದಿನ. ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕೆಂದು ವೈದ್ಯರು ಹೇಳುವುದಕ್ಕೂ ಈ ಲೆಕ್ಕಕ್ಕೂ ಹೊಂದಿಕೆಯಿದೆ. ಆದರೆ ಇದೇ 26 ವಾರದಲ್ಲಿ ಹೆರಿಗೆಗೆ ಮುಂಚಿನ ದಿನಗಳೂ ಸೇರುತ್ತವೆ. ಎಂಟು ವಾರದವರೆಗೆ ಮೊದಲೇ ತೆಗೆದುಕೊಳ್ಳಬಹುದು. ಅಷ್ಟನ್ನೂ ತೆಗೆದುಕೊಂಡರೆ ಮಗುವಿಗೆ ಉಳಿಯುವುದು 18 ವಾರ. ಅದಕ್ಕಾಗಿಯೇ ತುಂಬಿದ ಬಸುರಿಯರು ಕೊನೆಯ ವಾರದವರೆಗೂ ಜಗಳೂರಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿರುತ್ತಾರೆ. ಅವರ ಕಾಲು ಊದಿರುತ್ತದೆ. ‘ರಜೆ ಹಾಕಬಾರದೇ?’ ಎಂದು ಪಕ್ಕದವರು ಕೇಳಿದರೆ ನಗುತ್ತಾರೆ. ಒಂದೊಂದು ದಿನವನ್ನೂ ಹುಟ್ಟದ ಮಗುವಿನ ಹೆಸರಿಗೆ ಜಮೆ ಮಾಡುತ್ತಿರುತ್ತಾರೆ.

ಕಾನೂನು ಇದ್ದರೂ ಅದು ಕೈಗೆ ಸಿಗುವುದು ಹೇಗೆ? ಒಂದು ಪ್ರಕರಣ ಹೇಳುತ್ತೇನೆ. ಆ ತಾಯಿಯ ಒಪ್ಪಿಗೆ ಇದೆ, ಹೆಸರು ಹೇಳುವುದಿಲ್ಲ. ಊರಿನ ಬಟ್ಟೆ ಅಂಗಡಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದರು. ಅಲ್ಲಿ ಒಟ್ಟು 14 ಮಂದಿ. ಬಸುರಿಗೆ ಏಳು ತಿಂಗಳಾದಾಗ ಮಾಲೀಕರು ಬಿಳಿ ಹಾಳೆ ಮುಂದಿಟ್ಟು, ‘ರಾಜೀನಾಮೆ ಬರೆದುಕೊಡಮ್ಮಾ, ಮಗು ದೊಡ್ಡದಾದ ಮೇಲೆ ಬಾ, ನೋಡೋಣ’ ಎಂದರು. ಅವರು ಸಹಿ ಹಾಕದೆ ನನ್ನ ಕಚೇರಿಗೆ ಬಂದರು. ನೇಮಕದ ಪತ್ರವಿಲ್ಲ, ಹಾಜರಿ ಪುಸ್ತಕ ಅಂಗಡಿಯಲ್ಲಿ, ಸಂಬಳ ನಗದು. 80 ದಿನ ದುಡಿದದ್ದನ್ನು ತೋರಿಸುವುದು ಹೇಗೆ ಎಂದು ನಾನು ತಲೆಗೆ ಕೈಕೊಟ್ಟು ಕುಳಿತಿದ್ದೆ. ‘ದಿನಾ ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಕಳಿಸುತ್ತಿದ್ದೆ, ಅದು ಆಗುತ್ತದೆಯೇ ಮೇಡಂ?’ ಎಂದು ಅವರು ಮೊಬೈಲ್ ಚಾಚಿದರು. ಒಂಬತ್ತು ಗಂಟೆಗೆ ಅಂಗಡಿ ಮುಚ್ಚುವ ಮುನ್ನ ದಿನದ ವ್ಯಾಪಾರದ ಮೊತ್ತವನ್ನು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದರಂತೆ. ತಾರೀಖು, ಮೊತ್ತ, ಕೆಳಗೆ ಮಾಲೀಕರ ‘ಸರಿ’. ಒಂದು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಸಂದೇಶಗಳು. ಕಾರ್ಮಿಕ ನಿರೀಕ್ಷಕರ ಮುಂದೆ ಅವನ್ನು ಮುದ್ರಿಸಿ ಇಟ್ಟೆವು. ಎರಡನೆಯ ಭೇಟಿಯಲ್ಲಿಯೇ ಮಾಲೀಕರು ಒಪ್ಪಿದರು. 26 ವಾರದ ಸಂಬಳ ಬಂತು.

ಇಲ್ಲಿ ಖಾಸಗಿ ಕೆಲಸದಲ್ಲಿರುವ ಎಲ್ಲರಿಗೂ ನನ್ನ ಕಳಕಳಿಯ ಮಾತು: ನೀವು ದುಡಿದದ್ದಕ್ಕೆ ನಿಮ್ಮ ಬಳಿ ಒಂದು ಗುರುತಿರಲಿ. ಹಾಜರಿಯ ಫೋಟೊ, ಸಂಬಳದ ಚೀಟಿ, ಒಂದು ಸಂದೇಶ, ಯಾವುದಾದರೂ ಸರಿ.

ಆ ಮಾಲೀಕರು ಹಣ ಕೊಟ್ಟು ಹೋಗುವಾಗ ನನ್ನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. ‘ಮೇಡಂ, ಇವರಿಗೂ ಸಂಬಳ, ಇವರ ಜಾಗಕ್ಕೆ ಬಂದವರಿಗೂ ಸಂಬಳ. ಸಣ್ಣ ವ್ಯಾಪಾರಿ ನಾನು. ಇನ್ನು ಮೇಲೆ ಹುಡುಗರನ್ನೇ ಇಟ್ಟುಕೊಳ್ಳುತ್ತೇನೆ.’ ಆಗ ನನಗೆ ಬಂದ ಸಿಟ್ಟು ಹೇಳತೀರದು. ರಾತ್ರಿ ಯೋಚಿಸಿದಾಗ ಅವರ ಲೆಕ್ಕದಲ್ಲಿಯೂ ಸತ್ಯವಿದೆ ಅನ್ನಿಸಿತು. ಹೆರಿಗೆ ರಜೆಯ ಇಡೀ ಖರ್ಚನ್ನು ಒಬ್ಬ ಮಾಲೀಕನ ತಲೆಗೆ ಕಟ್ಟಿದರೆ ಅವನು ಹೆಣ್ಣುಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದಲ್ಲಿ ಮಾಡಿದ ತಾಯ್ತನ ರಕ್ಷಣೆಯ ಒಡಂಬಡಿಕೆ ಈ ಹಣ ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಬರಬೇಕೆಂದು ಹೇಳುತ್ತದೆ. ನಮ್ಮಲ್ಲಿಯೂ ಆ ದಾರಿ ಅರ್ಧ ತೆರೆದಿದೆ. ಸಿಬ್ಬಂದಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯಲ್ಲಿದ್ದು, ಆ ಯೋಜನೆಯ ಷರತ್ತಿನಷ್ಟು ದಿನ ಅವರ ವಂತಿಗೆ ಸಂದಾಯವಾಗಿದ್ದರೆ 26 ವಾರದ ಹಣವನ್ನು ನಿಗಮವೇ ಕೊಡುತ್ತದೆ. ಸಂಬಳದ ನೂರಕ್ಕೆ 3.25 ಮಾಲೀಕರದು, 0.75 ಕೆಲಸಗಾರರದು, ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಆ ಅಂಗಡಿಯವರು ಆರು ವರ್ಷದಲ್ಲಿ ಒಮ್ಮೆಯಾದರೂ ಈ ನೋಂದಣಿಯ ಬಗ್ಗೆ ಯೋಚಿಸಿದ್ದರೆ ಅವರಿಗೂ ಹೊರೆಯಾಗುತ್ತಿರಲಿಲ್ಲ, ಆ ತಾಯಿಯೂ ಎಂಟನೆಯ ತಿಂಗಳಲ್ಲಿ ನನ್ನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ವ್ಯಾಪಾರಸ್ಥರ ಮನೆಯ ಹೆಣ್ಣುಮಕ್ಕಳು ಇಲ್ಲಿ ಹಲವರಿದ್ದೀರಿ. ಇವತ್ತು ಮನೆಗೆ ಹೋಗಿ ಈ ಮಾತು ಎತ್ತಿ.

ಹೆಣ್ಣನ್ನು ಬಾಗಿಲಲ್ಲೇ ತಡೆಯುವುದು ಅಂಗಡಿಯವರು ಕಂಡುಹಿಡಿದದ್ದಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ ಅವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅವರ ಸೇವೆಯ ನಿಯಮದಲ್ಲಿ ಹೆಣ್ಣು ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕು ಎಂದಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ ಎಂದು ಕೇಳಿದರು. ಆ ಪ್ರಶ್ನೆ ಇಂದಿಗೂ ಸಂದರ್ಶನದ ಕೋಣೆಗಳನ್ನು ತಲುಪಿಲ್ಲ. ‘ಮದುವೆ ಯಾವಾಗ? ಮಕ್ಕಳ ವಿಚಾರ ಏನು?’ ಎಂದು ನಮ್ಮ ಹುಡುಗಿಯರನ್ನು ಮಾತ್ರ ಕೇಳುತ್ತಾರೆ.

ರಜೆ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. 182 ದಿನ ಮುಗಿಯಿತು, ಮಗುವಿಗೆ ಆರು ತಿಂಗಳು. ಅಂಗನವಾಡಿಯಲ್ಲಿ ಮಕ್ಕಳನ್ನು ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷದಿಂದ. ಅದೂ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ನಡುವಿನ ಎರಡೂವರೆ ವರ್ಷ ಮಗು ಎಲ್ಲಿರಬೇಕು? ನಾನು ಇಂದು ಬಂದದ್ದೇ ಈ ಪ್ರಶ್ನೆ ಕೇಳಲು. ‘ಹೇಗೆ ನಿಭಾಯಿಸುತ್ತೀರಿ?’ ಎಂದು ತಾಯಿಯನ್ನು ಕೇಳುವುದನ್ನು ಬಿಟ್ಟು, ‘ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಈ ಊರಿನ ಎಳೆಯ ಮಕ್ಕಳು ಎಲ್ಲಿವೆ?’ ಎಂದು ಊರನ್ನು ಕೇಳೋಣ.

ಹೊಸ ಪ್ರಶ್ನೆ ಇದೇನಲ್ಲ. ನಮ್ಮ ಊರು ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿಯೇ, 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಂ, ಹೆಣ್ಣಾಳುಗಳು ಹೆಚ್ಚಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕು ಎಂದಿತ್ತು. ಗಿರಣಿಗಳ ಕಾಲ ಮುಗಿಯಿತು. ಈಗ ಹೆಣ್ಣುಮಕ್ಕಳು ದುಡಿಯುವುದು ಬಟ್ಟೆ ಅಂಗಡಿಗಳಲ್ಲಿ, ನರ್ಸಿಂಗ್ ಹೋಮುಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ಸಣ್ಣ ಹೊಲಿಗೆ ಘಟಕಗಳಲ್ಲಿ. 2017ರ ತಿದ್ದುಪಡಿ ಶಿಶುವಿಹಾರವನ್ನು ಕಡ್ಡಾಯ ಮಾಡಿದ್ದು 50 ಮಂದಿ ದುಡಿಯುವ ಸಂಸ್ಥೆಗೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಅದು ಹೇಳಿತು. ಎಷ್ಟು ಚೆಂದದ ನಿಯಮ! ಆದರೆ ಚೌಕಿಪೇಟೆ, ಮಂಡಿಪೇಟೆಯ ಅಂಗಡಿಗಳಲ್ಲಿ 50 ಮಂದಿ ಎಲ್ಲಿದ್ದಾರೆ? ಒಂದು ಬೀದಿಯಲ್ಲಿ ಇಪ್ಪತ್ತು ಅಂಗಡಿ, ಅಂಗಡಿಗೆ ಹತ್ತು ಹೆಣ್ಣುಮಕ್ಕಳು ಎಂದುಕೊಳ್ಳಿ. ಒಂದೊಂದು ಸೂರನ್ನೂ ಬೇರೆ ಬೇರೆ ಎಣಿಸಿದರೆ ಯಾರಿಗೂ ಕಾನೂನು ತಗಲುವುದಿಲ್ಲ. ಬೀದಿಯನ್ನು ಎಣಿಸಿದರೆ ಇನ್ನೂರು ಮಂದಿ.

ಹಳ್ಳಿಗಳಲ್ಲಿ ಒಂದು ಒಳ್ಳೆಯ ಕೆಲಸ ಶುರುವಾಗಿದೆ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ. ಭದ್ರಾ ನಾಲೆಯ ಬದಿಯಲ್ಲಿ ನಾಟಿ ಮಾಡುವ ಹೆಂಗಸರು ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಬಿಟ್ಟು ಕೆಸರಿಗಿಳಿಯುವುದನ್ನು ನೋಡುತ್ತಲೇ ಬೆಳೆದವರು ನಾವು. ಆ ಜೋಲಿಗೊಂದು ಗೋಡೆ, ಸೂರು, ನೋಡಿಕೊಳ್ಳುವ ಒಬ್ಬರು ಬಂದರು ಎಂದರೆ ಸಣ್ಣ ಮಾತಲ್ಲ. ಕೂಸಿನ ಮನೆಯ ಆರೈಕೆದಾರರಿಗೂ, ಅಂಗನವಾಡಿ ಕಾರ್ಯಕರ್ತೆಗೂ ತಕ್ಕ ಸಂಬಳ ಸಿಗಬೇಕು ಎಂಬುದನ್ನು ಮಾತ್ರ ಮರೆಯಬಾರದು. 1975ರಿಂದ ಅಂಗನವಾಡಿ ಇದೆ. ಅಲ್ಲಿ ದುಡಿಯುವವರಿಗೆ ಇಂದಿಗೂ ‘ಗೌರವಧನ’. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ಪಟ್ಟಣದಲ್ಲಿ ಶಿಶುವಿಹಾರ ಇಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಉಳ್ಳವರ ಮನೆಯಲ್ಲಿ ಅಜ್ಜಿ. ಸೋಮವಾರ ಬೆಳಿಗ್ಗೆ ದುರ್ಗದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಕೂತು ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಬಸ್ಸಿನಲ್ಲಿ ಚೀಲ ಹಿಡಿದ ಅಜ್ಜಿಯರು ಹೆಚ್ಚಿದ್ದಾರೆ. ಮೊಮ್ಮಗುವನ್ನು ನೋಡಿಕೊಳ್ಳಲು ವಾರಕ್ಕೊಮ್ಮೆ ಬಂದು ಶನಿವಾರ ಮರಳುವವರು. ಮಾತಿಗೆಳೆದರೆ ಸೊಸೆಯ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ, ಮಂಡಿನೋವಿನ ಬಗ್ಗೆ ಮೆಲ್ಲಗೆ ಹೇಳುತ್ತಾರೆ.

ಇಲ್ಲದವರ ಮನೆಯಲ್ಲಿ ಅಕ್ಕ. ಇದನ್ನು ನಾನು ನನ್ನ ಅಡುಗೆಮನೆಯಲ್ಲೇ ಕಂಡೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದವರ ಹಿರಿಯ ಮಗಳಿಗೆ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ಅವಳೂ ಜೊತೆಗೆ ಬಂದಿದ್ದಳು, ಸೊಂಟದ ಮೇಲೆ ತಮ್ಮ. ‘ಶಾಲೆ ಇಲ್ಲವೇ ಪುಟ್ಟಿ?’ ಎಂದೆ. ‘ಇವನು ನಡೆಯುವವರೆಗೆ ಇಲ್ಲ’ ಎಂದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ, ಹೆರಿಗೆ ರಜೆಯ ಮೇಲಿದ್ದವಳು ಅವಳೇ ಎಂಬಂತೆ. ನಾನು ಅಂದು ಆ ಹೆಂಗಸು ಬಂದದ್ದರಿಂದಲೇ ಹೊತ್ತಿಗೆ ಸರಿಯಾಗಿ ಕೋರ್ಟಿಗೆ ಹೊರಡುವವಳಿದ್ದೆ. ನನ್ನ ಹೊತ್ತು ಆ ತಾಯಿಯಿಂದ, ಆ ತಾಯಿಯ ಹೊತ್ತು ಆ ಐದನೇ ತರಗತಿಯ ಹುಡುಗಿಯಿಂದ. ಮರುದಿನ ಶಾಲೆಗೆ ಹೋಗಿ ಮುಖ್ಯ ಶಿಕ್ಷಕಿಯೊಂದಿಗೆ ಮಾತನಾಡಿದೆ. ಮಗುವನ್ನು ಹಗಲು ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ಒಬ್ಬಳು ಹುಡುಗಿ ಶಾಲೆಗೆ ಮರಳಿದಳು. ಎಲ್ಲ ಮನೆಗಳಲ್ಲೂ ಹೀಗೆ ಆಗುವುದಿಲ್ಲ ಎಂದು ನನಗೆ ಗೊತ್ತು.

ಗಂಡಂದಿರ ಬಗ್ಗೆ ಹೇಳಲಿಲ್ಲ ಎಂದು ಯಾರೋ ಮುಂದಿನ ಸಾಲಿನಲ್ಲಿ ನಗುತ್ತಿದ್ದೀರಿ. ಹೇಳುತ್ತೇನೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಮೊದಲು, ಮಗುವಿಗೆ ಜ್ವರ ಬಂದಾಗ ಫೋನು ತಾಯಿಗೆ. ಮಗಳ ಕಾಲದಲ್ಲಿ ಹೀಗೆ ಬಂದ ಪ್ರತಿ ಫೋನಿಗೂ ನಾನೇ ಓಡಿದೆ. ಮಗನನ್ನು ಶಾಲೆಗೆ ಸೇರಿಸುವಾಗ ನಾವಿಬ್ಬರೂ ಕೂತು ಮಾತನಾಡಿ, ಅರ್ಜಿಯಲ್ಲಿ ಅವರ ದೂರವಾಣಿ ಸಂಖ್ಯೆಯನ್ನು ಮಾತ್ರ ಬರೆದೆವು. ಮೊದಲ ತಿಂಗಳು ಅವರು ದಾರಿಯಿಂದಲೇ ನನಗೆ ಕರೆ ಮಾಡಿ ‘ಈಗ ಏನು ಮಾಡಲಿ?’ ಎನ್ನುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಮಕ್ಕಳ ವೈದ್ಯರ ಟೋಕನ್ ಯಾವಾಗ ಕೊಡುತ್ತಾರೆ, ಯಾವ ಸಿರಪ್ ಎಷ್ಟು ಮಿಲಿ, ಯಾವುದಕ್ಕೆ ಇವನಿಗೆ ವಾಂತಿ ಎಂಬುದೆಲ್ಲ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಂಡಸಿಗೆ ಬರುವುದಿಲ್ಲ ಎಂಬ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ. ಕಾನೂನಿಗೆ ಮಾತ್ರ ಇನ್ನೂ ಆ ನಂಬಿಕೆಯೇ. ಸರ್ಕಾರಿ ನೌಕರನಾದ ತಂದೆಗೆ 15 ದಿನ ಪಿತೃತ್ವ ರಜೆಯಿದೆ. ಖಾಸಗಿ ಕೆಲಸದ ತಂದೆಗೆ ಕಾಯ್ದೆಯಿಂದ ಒಂದು ದಿನವೂ ಇಲ್ಲ.

ಕೊನೆಗೆ ನನ್ನ ಮನೆಯದೇ ಒಂದು ಮಾತು. ಅಂದು ಮರದ ಕೆಳಗೆ ಅತ್ತು ಮಲಗಿದ್ದ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಈಗ ಏಳು ತಿಂಗಳ ಬಸುರಿ. ಹೋದ ವಾರ ಫೋನಿನಲ್ಲಿ ಕೇಳಿದಳು: ‘ಅಮ್ಮಾ, ನನ್ನ 26 ವಾರ ಮುಗಿದ ಮೇಲೆ ನೀನು ಬಂದು ಇರುತ್ತೀಯಾ?’ ನನ್ನ ಕಚೇರಿಯಲ್ಲಿ ಇಬ್ಬರು ಕಿರಿಯ ವಕೀಲೆಯರಿದ್ದಾರೆ, ನಡೆಯುತ್ತಿರುವ ಪ್ರಕರಣಗಳಿವೆ. ಅಮ್ಮನಾಗಿದ್ದರೆ ಆ ಕ್ಷಣವೇ ‘ಬರುತ್ತೇನೆ’ ಎನ್ನುತ್ತಿದ್ದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಅವಳೂ ಒತ್ತಾಯಿಸಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಮಾತಿಗೆ ಹೊರಳಿದೆವು. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಆ ರಾತ್ರಿಯೇ ಕೂತು ಒಂದು ಅರ್ಜಿ ಬರೆದೆ. ಮಹಾನಗರ ಪಾಲಿಕೆಗೆ. ಚೌಕಿಪೇಟೆ, ಮಂಡಿಪೇಟೆಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗಾಗಿ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ತೆರೆದಿರುವ ಒಂದು ಶಿಶುವಿಹಾರ ಬೇಕು ಎಂದು. ಅಂಗಡಿಗಳು ಹಣ ಒಟ್ಟುಗೂಡಿಸಿ ಸಾಮಾನ್ಯ ಶಿಶುವಿಹಾರ ನಡೆಸಲು, ಪಾಲಿಕೆಯದನ್ನು ಬಳಸಿಕೊಳ್ಳಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ; ಅದನ್ನೂ ಬರೆದಿದ್ದೇನೆ. ಎರಡು ಕೋಣೆ, ಶುದ್ಧ ನೀರು, ತಾಯಿ ಬಂದು ಹಾಲು ಕೊಡಲು ಪರದೆಯಿರುವ ಒಂದು ಮೂಲೆ, ತಕ್ಕ ಸಂಬಳದ ಮೂವರು ಆಯಾಗಳು. ಇಷ್ಟೇ ಕೇಳಿದ್ದೇನೆ.

ಅರ್ಜಿಯ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಪೆನ್ನೂ ಇದೆ. ಹೆಸರು, ಕೆಲಸ, ಮಗುವಿನ ವಯಸ್ಸು ಎಂಬ ಮೂರು ಕಾಲಂ ಇವೆ. ಮೂರನೆಯದನ್ನು ಬಿಡಬೇಡಿ. ಮಗು ಇಲ್ಲದವರೂ, ಮಕ್ಕಳು ದೊಡ್ಡವರಾದವರೂ ಸಹಿ ಹಾಕಿ. ಹಿಂದಿನ ಸಾಲಿನ ಇಬ್ಬರು ತಾಯಂದಿರೇ, ನೀವು ಬರೆಯುವಾಗ ಮಗುವನ್ನು ನನ್ನ ಕೈಗೆ ಕೊಡಿ.